ಕಲ್ಲಿಲ್ಲದೆ ತೂಗಿದ ರಕ್ತ

ದೊಡ್ಡವಳು ಬೆಳಗ್ಗೆಯಿಂದ ಒಂದು ಕಡೆ ಕೂತವಳಲ್ಲ. ಕುರ್ಚಿ ಎಳೆದುಕೊಂಡಳು, ತಳ್ಳಿದಳು. ಕಿಟಕಿ ತೆರೆದಳು, ಧೂಳು ಬರುತ್ತದೆಂದು ತಾನೇ ಮುಚ್ಚಿದಳು. ಒರೆಸಿದ ಮೇಜನ್ನೇ ಇನ್ನೊಮ್ಮೆ ಒರೆಸಿದಳು. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಜನರೇಟರಿನ ಕೋಣೆಗೂ ನಡುವೆ ಸಿಕ್ಕಿಕೊಂಡ ಆ ಲ್ಯಾಬಿನಲ್ಲಿ ಓಡಾಡುವುದಕ್ಕೆ ಜಾಗವಾದರೂ ಎಲ್ಲಿದೆ? ಆದರೂ ಕಾಲು ಸುಟ್ಟ ಬೆಕ್ಕಿನ ಹಾಗೆ ಅತ್ತಿಂದಿತ್ತ ಸುತ್ತುತ್ತಲೇ ಇದ್ದಳು. ಜೊತೆಗೆ ಕೆಲಸ ಮಾಡುವವನು, ಬಾಯಿ ಮುಚ್ಚದ ಕಾರಣಕ್ಕೆ ಊರೆಲ್ಲರಿಂದ ರೇಡಿಯೋ ಅನ್ನಿಸಿಕೊಂಡವನು, ನೋಡುವಷ್ಟು ನೋಡಿ ಕೊನೆಗೆ ಹೇಳಿಯೇಬಿಟ್ಟ.

“ಮೇಡಂ, ನೀವು ಹೀಗೆ ಸುತ್ತೋದಾದ್ರೆ ನಮಗೆ ರಕ್ತ ಸುತ್ತಿಸೋ ಸೆಂಟ್ರಿಫ್ಯೂಜ್ ಯಾಕೆ? ಟ್ಯೂಬುಗಳನ್ನ ನಿಮ್ಮ ಜೇಬಲ್ಲಿ ಹಾಕಿಬಿಟ್ರೆ ಸಾಕಲ್ಲ.”

“ನಿನ್ನ ಕೆಲಸ ನೀನು ನೋಡ್ಕೋ,” ಅಂದಳು ದೊಡ್ಡವಳು.

ಸುತ್ತುವುದಕ್ಕೆ ಕಾರಣ ಇತ್ತು. ಆ ದಿನ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಟ್ಯೂಬುಗಳಲ್ಲಿ ಒಂದು ಅವಳ ತಂಗಿಯದು. ಅದರ ಲೆಕ್ಕ ಸಂಜೆಯೊಳಗೆ ನರರೋಗದ ಡಾಕ್ಟರಮ್ಮನ ಕೈಸೇರಬೇಕು. ಕಡಿಮೆ ಬಂದರೆ ಚಿಕ್ಕವಳ ಮಾತ್ರೆ ಮತ್ತೆ ಏರುತ್ತದೆ. ಒಂದು ಸಲ ಏರಿಸಿದ್ದಕ್ಕೇ ಅವಳು ಹಾಸಿಗೆಯಿಂದ ಬಚ್ಚಲಿಗೆ ಹೋಗಬೇಕಾದರೂ ಗೋಡೆ ತಡವುತ್ತಿದ್ದಳು. ಇನ್ನೂ ಏರಿಸಿದರೆ ಅವಳು ಎದ್ದು ನಡೆಯುವುದುಂಟೇ? ಏರಿಸದಿದ್ದರೆ, ಮತ್ತೆ ಎಲ್ಲಿ ಬಿದ್ದು ತಲೆ ಒಡೆದುಕೊಳ್ಳುತ್ತಾಳೋ ಏನೋ.

ಅಲ್ಲಿಯ ಕೆಲಸ ಹೇಳುವುದಕ್ಕೆ ಸುಲಭ. ಫಿಟ್ಸ್ ತಡೆಯುವ ಔಷಧಿ ರಕ್ತದಲ್ಲಿ ಕಡಿಮೆಯಾದರೆ ಮನುಷ್ಯ ಬೀಳುತ್ತಾನೆ, ಜಾಸ್ತಿಯಾದರೆ ಕುಡಿದವನ ಹಾಗೆ ತೂರಾಡುತ್ತಾನೆ. ಎರಡರ ನಡುವಿನ ಕಿರುಹಾದಿಯಲ್ಲಿ ಇದ್ದಾನೋ ಇಲ್ಲವೋ ಅಳೆದು ಹೇಳಬೇಕು. ರಕ್ತವನ್ನು ಗರಗರ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ತೆಗೆದು, ಅದರೊಳಗಿನ ಪ್ರೋಟೀನನ್ನು ಒಡೆಸಿ ಕಳೆದು, ಉಳಿದದ್ದರಲ್ಲಿ ಒಂದು ಹನಿಯನ್ನು ಮೆಷೀನಿಗೆ ಉಣಿಸುತ್ತಾರೆ. ಪಂಪು ಅದನ್ನು ಗೇಣುದ್ದದ ಉಕ್ಕಿನ ಕೊಳವೆಯೊಳಕ್ಕೆ ನುಗ್ಗಿಸುತ್ತದೆ. ಕೊಳವೆಯೊಳಗೆ ತುರುಕಿದ ನುಣ್ಣನೆಯ ಪುಡಿಗೆ ಅಂಟಿಕೊಳ್ಳುತ್ತಾ, ಬಿಡಿಸಿಕೊಳ್ಳುತ್ತಾ, ಒಂದೊಂದು ಔಷಧಿ ಒಂದೊಂದು ಹೊತ್ತಿಗೆ ಆಚೆ ಬರುತ್ತದೆ. ಬಂದಾಗ ಪರದೆಯ ಮೇಲೆ ಗೆರೆ ಎದ್ದು ಗುಡ್ಡೆಯಾಗುತ್ತದೆ. ಗುಡ್ಡೆ ದೊಡ್ಡದಾದಷ್ಟೂ ಔಷಧಿ ಜಾಸ್ತಿ.

ಆದರೆ ಕೈಯಲ್ಲಿ ಮಾಡುವ ಕೆಲಸ ನೋಡಿ, ಎಲ್ಲೋ ಅರೆ ಹನಿ ಚೆಲ್ಲುತ್ತದೆ, ಎಲ್ಲೋ ಒಂದಿಷ್ಟು ಆವಿಯಾಗುತ್ತದೆ. ಅದಕ್ಕೇ ಪ್ರತಿ ಟ್ಯೂಬಿಗೂ ಶುರುವಿನಲ್ಲೇ ಒಂದೇ ಅಳತೆಯಲ್ಲಿ ಇನ್ನೊಂದು ಔಷಧಿ ಬೆರೆಸಿಬಿಡುತ್ತಾರೆ. ಆ ಲ್ಯಾಬಿನವರು ಅದನ್ನು ‘ಕಲ್ಲು’ ಅನ್ನುತ್ತಿದ್ದರು, ತಕ್ಕಡಿಗೆ ಇಡುವ ತೂಕದ ಕಲ್ಲು. ಚೆಲ್ಲಿದರೆ ಎರಡೂ ಚೆಲ್ಲುತ್ತವೆ. ಹಾಗಾಗಿ ಕಲ್ಲಿನ ಗುಡ್ಡೆಯ ಎದುರಿಗಿಟ್ಟು ರೋಗಿಯ ಗುಡ್ಡೆಯನ್ನು ತೂಗಿದರೆ ಲೆಕ್ಕ ತಪ್ಪುವುದಿಲ್ಲ. ಕಲ್ಲಾಗುವ ಔಷಧಿ ಯಾವ ರೋಗಿಯ ಮೈಯಲ್ಲೂ ಇರಬಾರದು, ಅಷ್ಟೇ ಷರತ್ತು. ಅದಕ್ಕೆಂದೇ ಹಿಂದೆ ಇದ್ದವರು ಹುಡುಕಿ ಹುಡುಕಿ, ಡಾಕ್ಟರುಗಳು ಬರೆಯುವುದನ್ನೇ ಬಿಟ್ಟ ಓಬೀರಾಯನ ಕಾಲದ ಒಂದು ನಿದ್ದೆ ಮಾತ್ರೆಯ ಔಷಧಿಯನ್ನು ಕಲ್ಲು ಮಾಡಿಕೊಂಡಿದ್ದರು. ಅದನ್ನು ಈಗ ಯಾರು ನುಂಗುತ್ತಾರೆ?

ದೊಡ್ಡವಳಿಗೆ ಈ ಮೆಷೀನೆಂದರೆ ಪ್ರಾಣ. ಒಂದು ಹೊತ್ತೂ ತಪ್ಪಿಸಿಲ್ಲ ಎಂದು ಆಣೆ ಹಾಕುವ ರೋಗಿಗಳನ್ನು ಅವಳು ಎಷ್ಟು ಕಂಡಿಲ್ಲ? ರಕ್ತ ಬಂದು ಬಣ್ಣ ಬಯಲು ಮಾಡುತ್ತಿತ್ತು. ಮನುಷ್ಯರ ಬಾಯನ್ನು ನಂಬಬಾರದು, ಗುಡ್ಡೆಯನ್ನು ನಂಬಬೇಕು ಅನ್ನುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು, ಮನೆಯಲ್ಲೂ.

ಚಿಕ್ಕವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು. ಫಿಟ್ಸ್ ಬರುವುದು ನಿಂತು ಎರಡು ವರ್ಷದ ಮೇಲಾಗಿತ್ತು. ಎಲ್ಲ ಸರಿಹೋಯಿತು ಅಂದುಕೊಳ್ಳುವ ಹೊತ್ತಿಗೆ ಒಂದು ದಿನ ಅಂಗಡಿಯಲ್ಲೇ, ಗಾಜಿನ ಟ್ರೇ ಸಮೇತ ಬಿದ್ದಳು. ರಕ್ತ ನೋಡಿದರೆ ಔಷಧಿ ಕಡಿಮೆ. ಮಾತ್ರೆ ಬಿಟ್ಟಿರಬೇಕು ಅಂದರು ಡಾಕ್ಟರಮ್ಮ; ಬಿಟ್ಟಿಲ್ಲ ಅಂದಳು ಚಿಕ್ಕವಳು; ಬಿಟ್ಟೇ ಬಿಟ್ಟಿದ್ದಾಳೆ ಅಂದಳು ದೊಡ್ಡವಳು. ಮಾತ್ರೆ ಏರಿತು. ಅಷ್ಟಕ್ಕೆ ನಿಲ್ಲಲಿಲ್ಲ. ಅಂದಿನಿಂದ ದೊಡ್ಡವಳು ಬೆಳಗ್ಗೆ ಸಂಜೆ ಎದುರಿಗೆ ನಿಂತು, ತಾನೇ ನಾಲಿಗೆಯ ಮೇಲೆ ಮಾತ್ರೆ ಇಟ್ಟು, ನೀರು ಕುಡಿಸಿ, ಬಾಯಿ ತೆರೆ ಅನ್ನತೊಡಗಿದಳು. ನಾಲಿಗೆ ಎತ್ತು ಅನ್ನುವಳು. ಕೆನ್ನೆಯ ಒಳಗೆ ಟಾರ್ಚು ಬಿಟ್ಟು ನೋಡುವಳು. ಸಂಬಳ ತರುವ, ಮದುವೆಯ ವಯಸ್ಸು ದಾಟಿದ ಹೆಂಗಸು, ದನ ಕೊಳ್ಳುವವರ ಮುಂದೆ ನಿಂತ ದನದ ಹಾಗೆ ಬಾಯಿ ತೆರೆಯುತ್ತಿದ್ದಳು. ಪ್ರೀತಿಯೇ, ಇಲ್ಲ ಅಂದವರು ಯಾರು. ಆದರೆ ಅಂಥ ಪ್ರೀತಿಯನ್ನು ತಡೆದುಕೊಳ್ಳುವುದಕ್ಕೂ ಗಟ್ಟಿಗುಂಡಿಗೆ ಬೇಕು.

ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಬಂತು. ಕಡಿಮೆ. ಕಡಿಮೆಯೆಂದರೆ, ಮಾತ್ರೆ ಏರಿಸುವ ಮುಂಚೆ ಬಂದಿದ್ದಕ್ಕಿಂತಲೂ ಒಂದು ಕೂದಲು ಕೆಳಗೆ.

ದೊಡ್ಡವಳಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಕೈಯಾರೆ ನುಂಗಿಸಿದ ಮಾತ್ರೆ ಎಲ್ಲಿ ಹೋಯಿತು? ಕಾರಿಡಾರಿಗೆ ಹೋಗಿ ಮನೆಗೆ ಫೋನು ಹಚ್ಚಿದಳು. ಚಿಕ್ಕವಳು ಹಲೋ ಅನ್ನುವಷ್ಟೂ ವ್ಯವಧಾನ ಕೊಡದೆ ಒದರಿದಳು.

“ಬಚ್ಚಲಿಗೆ ಹೋಗಿ ಕಕ್ತಿದೀಯಾ? ನಿಜ ಹೇಳಿಬಿಡು.”

ಆ ಕಡೆ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

“ನಿನ್ನನ್ನೇ ಕೇಳ್ತಿರೋದು. ನಾನು ಹಗಲೂ ರಾತ್ರಿ ಒದ್ದಾಡೋದು, ನೀನು ನನ್ನ ಕಣ್ಣಿಗೆ ಮಣ್ಣೆರಚೋದು. ನಾಚಿಕೆ ಆಗಲ್ವಾ ನಿನಗೆ?”

“ಅಕ್ಕ,” ಅಂದಳು ಚಿಕ್ಕವಳು. ನಾಲಿಗೆ ದಪ್ಪಗಾದಂತೆ ಮಾತು ನಿಧಾನ. “ಈ ಫೋನಿನ ತನಕ ಬರೋದಕ್ಕೆ ಎರಡು ಸಲ ಗೋಡೆಗೆ ಡಿಕ್ಕಿ ಹೊಡೆದೆ. ಒಂದು ವಸ್ತು ಎರಡೆರಡು ಕಾಣ್ತಿದೆ. ಔಷಧಿ ಮೈಯಲ್ಲಿ ಇಲ್ದೇ ಇದ್ರೆ ಯಾರಾದ್ರೂ ಹೀಗೆ ತೂರಾಡ್ತಾರಾ? ನೀನು ಅದೇ ಕೆಲಸದಲ್ಲಿರೋಳು, ನೀನೇ ಹೇಳು.”

“ಮಾತು ಮರೆಸಬೇಡ.”

“ನಾನು ಸುಳ್ಳುಗಾತಿ ಅಂತ ಬರ್ಕೊಂಡುಬಿಡು. ಸಂಜೆ ಅವರು ಏರಿಸ್ಲಿ. ನನಗೂ ಸಾಕಾಗಿದೆ.” ಫೋನು ಇಟ್ಟಳು.

ದೊಡ್ಡವಳು ಒಳಗೆ ಬಂದು ಕಂಪ್ಯೂಟರಿನ ಮುಂದೆ ನಿಂತಳು. ಲೆಕ್ಕವನ್ನು ಡಾಕ್ಟರಮ್ಮನಿಗೆ ಕಳಿಸಬೇಕು, ಒಂದು ಗುಂಡಿ ಒತ್ತಿದರೆ ಆಯಿತು. ಬೆರಳು ಇಟ್ಟಳು, ತೆಗೆದಳು. ತೂರಾಡುತ್ತಾಳೆ, ಎರಡೆರಡು ಕಾಣುತ್ತದೆ, ಮಾತು ತೊದಲುತ್ತದೆ. ಇವೆಲ್ಲ ಔಷಧಿ ಜಾಸ್ತಿಯಾದವರ ಲಕ್ಷಣವೆಂದು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಇಷ್ಟು ದಿನ ಕಣ್ಣೆದುರಿಗೇ ಇತ್ತು. ನಾಟಕ ಮಾಡುತ್ತಾಳೆ ಅಂದುಕೊಂಡಿದ್ದಳು. ಬೇರೆ ಯಾರ ತಂಗಿಯೋ ಹೀಗೆ ನಡೆದಿದ್ದರೆ ನೋಡಿದ ಕೂಡಲೇ ಹೇಳುತ್ತಿದ್ದಳೇನೋ.

“ಕಳಿಸೋಕೆ ಮುಂಚೆ ಒಂದು ಮಾತು ಮೇಡಂ,” ಅಂದ ರೇಡಿಯೋ. ಅವನ ದನಿಯಲ್ಲಿ ಹಳೇ ಸಿಟ್ಟು ಇಣುಕುತ್ತಿತ್ತು. “ಹೋದ ಸಲಾನೂ ನಿಮ್ಮ ತಂಗಿ ಟ್ಯೂಬಲ್ಲೇ ಕಲ್ಲಿನ ಗುಡ್ಡೆ ಎತ್ತರ ಬಂದಿತ್ತು. ಕಲ್ಲು ಜಾಸ್ತಿ ಸುರಿದಿದೀಯ, ನಿನ್ನ ಕೈಗೆ ಅಳತೆ ಗೊತ್ತಿಲ್ವಾ ಅಂತ ನನ್ನ ಮೇಲೆ ಎಗರಾಡಿದ್ರಿ. ನಾನು ತುಟಿ ಪಿಟಕ್ ಅನ್ನಲಿಲ್ಲ.”

“ಈಗ ಅದು ಯಾಕೆ?”

“ಇವತ್ತು ಕಲ್ಲು ಹಾಕಿದ್ದು ನೀವು. ನೋಡಿ.”

ಅವಳು ನೋಡಿದಳು. ಉಳಿದ ಟ್ಯೂಬುಗಳ ಕಲ್ಲಿನ ಗುಡ್ಡೆಗಳೆಲ್ಲ ಅಳೆದಿಟ್ಟಂತೆ ಒಂದೇ ಎತ್ತರ. ಒಂದು ಮಾತ್ರ ಅವುಗಳ ತಲೆಯ ಮೇಲೆ ತಲೆ ಎತ್ತಿ ನಿಂತಿದೆ, ಅದು ಚಿಕ್ಕವಳದು. ಕಂಪ್ಯೂಟರು ಕೊನೆಯ ಲೆಕ್ಕವನ್ನಷ್ಟೇ ದಪ್ಪಕ್ಷರದಲ್ಲಿ ತೋರಿಸುತ್ತದೆ. ಕಲ್ಲಿನ ಕಡೆ ನೋಡುವವರು ಯಾರು? ಕಲ್ಲು ಕಲ್ಲೇ ತಾನೆ ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ಹೋದ ಸಲ ಕಣ್ಣಿಗೆ ಬಿದ್ದಾಗಲೂ ಇವನಿಗೆ ಬೈದು ಅವಳೂ ಬಿಟ್ಟಿದ್ದಳು.

ತನ್ನ ಕೈ ತಪ್ಪಿಲ್ಲ. ಇವನ ಕೈಯೂ ತಪ್ಪಿರಲಿಲ್ಲ. ಹಾಗಾದರೆ ಹೆಚ್ಚಿನ ಕಲ್ಲು ಎಲ್ಲಿಂದ ಬಂತು?

“ಉಳಿದ ತಿಳಿ ಇದೆಯಾ?” ಕೇಳಿದಳು.

“ಫ್ರಿಜ್ಜಲ್ಲಿದೆ.”

“ಕೊಡು. ಈ ಸಲ ಕಲ್ಲು ಹಾಕಲ್ಲ.”

ರೇಡಿಯೋ ಮೊದಲ ಸಲ ಮಾತಿಲ್ಲದೆ ಎದ್ದುಹೋದ. ಕಲ್ಲಿಲ್ಲದೆ ತೂಗುವುದನ್ನು ಆ ಲ್ಯಾಬಿನಲ್ಲಿ ಯಾರೂ ಮಾಡಿರಲಿಲ್ಲ. ಆದರೆ ಅವಳಿಗೆ ಬೇಕಾಗಿದ್ದದ್ದು ತೂಕವಲ್ಲ. ಕಲ್ಲು ಬರುವ ಹೊತ್ತಿಗೆ ಗೆರೆ ನೆಲಕ್ಕೆ ಅಂಟಿಕೊಂಡು ಮಲಗಿದ್ದರೆ ಸರಿ. ಎದ್ದರೆ, ಆ ಓಬೀರಾಯನ ಕಾಲದ ಮಾತ್ರೆ ತಂಗಿಯ ರಕ್ತದೊಳಗೇ ಇದೆ ಎಂದು ಅರ್ಥ.

ಮೆಷೀನು ತನ್ನ ಪಾಡಿಗೆ ತಾನು ಟಕಟಕ ಅನ್ನುತ್ತಿತ್ತು. ಅದಕ್ಕೇನು ಆತುರ? ದೊಡ್ಡವಳು ಕೈಗವಸು ಹಾಕಿದಳು, ಕಳಚಿದಳು, ಉಗುರು ಕಚ್ಚಿದಳು, ನೀರಿನ ಬಾಟಲಿ ತೆರೆದು ಕುಡಿಯದೆ ಮುಚ್ಚಿದಳು. ಏಳಬೇಡ, ಏಳಬೇಡ ಎಂದು ಮನಸ್ಸಿನಲ್ಲೇ ಗೆರೆಗೆ ಗೋಗರೆದಳು. ಎದ್ದರೆ ತಂಗಿ ಸುಳ್ಳುಗಾತಿಯಲ್ಲ. ಇದು ಅವಳಿಗೆ ಬೇಕಿತ್ತು. ಎದ್ದರೆ ತಾನು ಇಷ್ಟು ದಿನ ಮಾಡಿದ್ದೆಲ್ಲ ತಪ್ಪು, ಇದು ಬೇಡವಾಗಿತ್ತು. ಏಳಬೇಡ ಎಂದು ಯಾರ ಪರವಾಗಿ ಬೇಡಿಕೊಂಡೆ ಎಂದು ಹೊಳೆದಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಗೆರೆ ಎದ್ದಿತು. ಕಲ್ಲು ಬರುವ ಹೊತ್ತಿಗೆ ಸರಿಯಾಗಿ, ಚೂಪಾಗಿ ಎದ್ದಿತು.

ಆಮೇಲೆ ಅವಳು ಕಲ್ಲನ್ನು ಪಕ್ಕಕ್ಕಿಟ್ಟು, ತಂಗಿಯ ಔಷಧಿಯ ಗುಡ್ಡೆಯನ್ನು ಅಳತೆ ಗೊತ್ತಿರುವ ದ್ರಾವಣದ ಗುಡ್ಡೆಗೆ ನೇರವಾಗಿ ಹೋಲಿಸಿ ಲೆಕ್ಕ ಹಾಕಿದಳು. ಕಲ್ಲು ಭಾರವಾಗಿದ್ದಕ್ಕೆ ಸರಕು ಹಗುರ ಕಂಡಿತ್ತು, ಅಷ್ಟೇ. ನಿಜವಾದ ಲೆಕ್ಕ ಮೇಲಿನ ಗಡಿಯನ್ನೂ ದಾಟಿತ್ತು. ಅಂದರೆ ಮೊದಲ ಸಲ, ಮಾತ್ರೆ ಏರಿಸುವ ಮುಂಚೆ, ಅದು ಸರಿಯಾಗಿಯೇ ಇತ್ತು. ಚಿಕ್ಕವಳು ಒಂದು ಹೊತ್ತೂ ತಪ್ಪಿಸಿರಲಿಲ್ಲ.

“ಏರಿಸಬೇಡಿ,” ಅಂದಳು ಡಾಕ್ಟರಮ್ಮನಿಗೆ ಫೋನಿನಲ್ಲಿ. “ಹೋದ ಸಲ ನಾನು ಕೊಟ್ಟ ಲೆಕ್ಕ ತಪ್ಪು ಡಾಕ್ಟ್ರೇ. ನಾನೇ ತಪ್ಪು ಕೊಟ್ಟಿದ್ದು.” ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿದಳು.

ಡಾಕ್ಟರಮ್ಮ ಆ ಔಷಧಿಯ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡು ಬರೆದುಕೊಂಡರು. “ಆ ಮಾತ್ರೆ ಎಲ್ಲಿಂದ ಬರ್ತಿದೆ ಅಂತ ಪತ್ತೆ ಮಾಡಿ. ಸಿಕ್ಕಿದ್ರೆ ಕಿತ್ತು ಬಿಸಾಕಬೇಡಿ. ಅದನ್ನ ಥಟ್ಟನೆ ನಿಲ್ಲಿಸಿದ್ರೂ ಫಿಟ್ಸ್ ಬರುತ್ತೆ. ಸಂಜೆ ಅಮ್ಮನ್ನೂ ಕರ್ಕೊಂಡು ಮೂರೂ ಜನ ಬನ್ನಿ, ಮಾತ್ರೆನೂ ತನ್ನಿ.”

ಬಸ್ಸಿನಲ್ಲಿ ಸೀಟುಗಳು ಖಾಲಿಯಿದ್ದವು. ಅವಳು ಕೂರಲಿಲ್ಲ, ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತೇ ಬಂದಳು. ಪತ್ತೆ ಮಾಡುವುದೇನು ಬಂತು, ಅವಳಿಗೆ ಗೊತ್ತಿತ್ತು. ಅಪ್ಪ ಹೋದ ಮೇಲೆ ಅಮ್ಮ ಅಂಥದ್ದೇ ಮಾತ್ರೆ ನುಂಗಿ ಮಲಗುತ್ತಿದ್ದಳು. ಪಕ್ಕದ ರಸ್ತೆಯ ಮುದುಕ ಕಾಂಪೌಂಡರು, ಅಂಗಡಿ ಮುಚ್ಚಿದ ಮೇಲೂ ಹಳೇ ಡಬ್ಬಗಳನ್ನು ಅಟ್ಟದ ಮೇಲಿಟ್ಟುಕೊಂಡವನು, ಕೊಡುತ್ತಿದ್ದ. ದೊಡ್ಡವಳು ಒಂದು ದಿನ ಅದನ್ನು ಕಸದ ಬುಟ್ಟಿಗೆ ಹಾಕಿ, ಇನ್ನೊಮ್ಮೆ ಕಂಡರೆ ನೋಡು ಎಂದು ಗದರಿಸಿದ್ದಳು. ಆಮೇಲೆ ಕಾಣಲಿಲ್ಲ. ಬಿಟ್ಟಳು ಅಂದುಕೊಂಡಿದ್ದಳು.

ಮನೆಯಲ್ಲಿ ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಚಿಕ್ಕವಳು ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದಳು. ದೊಡ್ಡವಳು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು.

“ಅಮ್ಮ, ನಿನ್ನ ನಿದ್ದೆ ಮಾತ್ರೆ ಎಲ್ಲಿದೆ?”

ಅಮ್ಮನ ಕೈಯಲ್ಲಿದ್ದ ಟವಲು ಅರ್ಧ ಮಡಿಕೆಯಲ್ಲೇ ನಿಂತಿತು. “ಯಾವ ಮಾತ್ರೆ?”

“ಅಮ್ಮ.”

ಮುದುಕಿ ಎದ್ದು ಹೊಲಿಗೆ ಡಬ್ಬಿ ತಂದು ಮಗಳ ಮುಂದಿಟ್ಟಳು. ದಾರದುಂಡೆಗಳ ಕೆಳಗೆ ಒಂದು ಪೊಟ್ಟಣ ಇತ್ತು. “ನನಗಲ್ಲ,” ಅಂದಳು. “ಇವಳಿಗೆ. ರಾತ್ರಿ ಹಾಲಿನ ಜೊತೆ ಒಂದು. ಚೆನ್ನಾಗಿ ನಿದ್ದೆ ಮಾಡಿದ್ರೆ ಬರಲ್ಲ ಅಂತ ಡಾಕ್ಟ್ರೇ ಹೇಳಿದ್ರಲ್ಲ. ಇವಳಿಗೆ ನಿದ್ದೆ ಎಲ್ಲಿತ್ತು? ನೀನು ರಾತ್ರಿಯೆಲ್ಲ ಎದ್ದೆದ್ದು ಬಂದು ಮೂಗಿನ ಹತ್ರ ಕೈ ಇಟ್ಟು ನೋಡ್ತಿದ್ದೆ. ಅವಳಿಗೆ ಎಚ್ಚರ ಆಗೋದು. ಮತ್ತೆ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ.”

“ನನಗೆ ಹೇಳೋಕೇನಾಗಿತ್ತು?”

“ಹೇಳಿದ್ರೆ ಬಿಡ್ತಿದ್ಯಾ? ಮನೆ ಮಾಳಿಗೆ ಹಾರಿಸ್ತಿದ್ದೆ.” ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಆ ಕಾಂಪೌಂಡರು ಮಗಳ ಮನೆಗೆ ಹೋಗಿ ಕೂತ. ನಾಲ್ಕಾರು ದಿನ ಮಾತ್ರೆ ಸಿಗಲಿಲ್ಲ. ಅಷ್ಟರಲ್ಲೇ ಇವಳು ಅಂಗಡೀಲಿ ಬಿದ್ಲು. ನೋಡಿದ್ಯಾ, ಮಾತ್ರೆ ತಪ್ಪಿದ್ದಕ್ಕೇ ಹೀಗಾಯ್ತು ಅಂತ, ಅವನು ಬಂದ ದಿನಾನೇ, ಇವಳ ರಕ್ತ ತೆಗೆಯೋಕೆ ಮುಂಚೆನೇ, ಓಡಿಹೋಗಿ ತಂದೆ.”

ಅಮ್ಮ ಹೇಳಿದ್ದು ಅಕ್ಷರಶಃ ನಿಜವೆಂದು ದೊಡ್ಡವಳಿಗೆ ಗೊತ್ತಿತ್ತು. ಥಟ್ಟನೆ ನಿಂತಿದ್ದಕ್ಕೇ ಬಿದ್ದದ್ದು. ಕೂಗಾಡಬೇಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬಾಯಲ್ಲೇ ಒಣಗಿತು. ಅವಳು ತಂಗಿಯ ಕಡೆ ತಿರುಗಿದಳು.

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು,” ಅಂದಳು ಚಿಕ್ಕವಳು, ಕಣ್ಣು ತೆರೆಯದೆ. “ಅದು ನಿನ್ನ ಲೆಕ್ಕ ಕೆಡಿಸುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?”

“ಡಾಕ್ಟ್ರ ಹತ್ರ ಆದ್ರೂ ಹೇಳಬಾರದಿತ್ತಾ?”

“ಬೇರೆ ಏನಾದ್ರೂ ಮಾತ್ರೆ ತಗೋತೀರಾ ಅಂತ ಅವರು ಕೇಳಿದ್ರು. ನಾನು ಬಾಯಿ ತೆರೆಯೋ ಮುಂಚೆ ನೀನು ಇಲ್ಲ ಅಂದೆ.”

ಹೌದು, ಅಂದಿದ್ದಳು. ನಿದ್ದೆ ಹೇಗಿದೆ, ಊಟ ಸೇರುತ್ತಾ, ಮುಟ್ಟು ಸರಿಯಾಗಿ ಆಗುತ್ತಾ, ಎಲ್ಲಕ್ಕೂ ಅವಳೇ ಉತ್ತರ. ಚಿಕ್ಕವಳು ಪಕ್ಕದಲ್ಲಿ ಕೈಚೀಲ ಹಿಡಿದು ಕೂತಿರುತ್ತಿದ್ದಳು. ದೊಡ್ಡವಳು ಹಾಸಿಗೆಯ ಅಂಚಿನಲ್ಲಿ ಕುಸಿದಳು. ಬೆಳಗ್ಗೆಯಿಂದ ಅವಳು ಕೂತದ್ದು ಅದೇ ಮೊದಲು.

“ತಪ್ಪಾಯ್ತು ಕಣೆ,” ಅಂದಳು. “ನೀನು ಹೇಳಿದ್ದನ್ನ ನಾನು ನಂಬಬೇಕಿತ್ತು.”

ಚಿಕ್ಕವಳು ಹೂಂ ಅಂದಳು. ಅದು ಕ್ಷಮಿಸಿದ ಹೂಂ ಅಲ್ಲ, ಕೇಳಿಸಿಕೊಂಡೆ ಅನ್ನುವ ಹೂಂ.

ಸಂಜೆ ಡಾಕ್ಟರಮ್ಮ ಪೊಟ್ಟಣದ ಮಾತ್ರೆಯನ್ನು ದೀಪಕ್ಕೆ ಹಿಡಿದು ನೋಡಿ ತಲೆ ಆಡಿಸಿದರು. ಅಮ್ಮನಿಗೆ ಬೈಯಲಿಲ್ಲ. ಫಿಟ್ಸ್ ಮಾತ್ರೆಯನ್ನು ಮೊದಲಿನ ಅಳತೆಗೆ ಇಳಿಸಿದರು; ನಿದ್ದೆಯದನ್ನು ಇಷ್ಟಿಷ್ಟೇ ಕಡಿಮೆ ಮಾಡುತ್ತಾ ಬರುವ ಬಗೆಯನ್ನು ಚೀಟಿಯಲ್ಲಿ ಬರೆದರು. ನಡುಕ, ಓಲಾಟ ತಾನಾಗಿಯೇ ಕಡಿಮೆಯಾಗುತ್ತದೆ, ಅಂಗಡಿಗೂ ಹೋಗಬಹುದು ಅಂದರು. ಇದ್ದ ಎರಡು ಕುರ್ಚಿಯಲ್ಲಿ ಅಮ್ಮ ಮತ್ತು ಚಿಕ್ಕವಳು ಕೂತಿದ್ದರು. ದೊಡ್ಡವಳು ಅವರ ಹಿಂದೆ ನಿಂತು ಕಾಲು ಬದಲಿಸುತ್ತಿದ್ದಳು.

“ಮುಂದಿನ ತಿಂಗಳು ಇನ್ನೊಂದು ಸಲ ರಕ್ತ ನೋಡಬೇಕು,” ಅಂದರು ಡಾಕ್ಟರಮ್ಮ, ಅವಳ ಕಡೆ ನೋಡಿ. “ನಿಮ್ಮ ಆ ಕಲ್ಲು ಬದಲಾಯಿಸ್ತೀರಲ್ಲ?”

“ಬದಲಾಯಿಸ್ತೀವಿ ಡಾಕ್ಟ್ರೇ. ಅಲ್ಲೀವರೆಗೂ ಪ್ರತಿ ಟ್ಯೂಬಿನ ಕಲ್ಲನ್ನೂ ನೋಡಿಯೇ ಕಳಿಸ್ತೀನಿ. ಇವಳದನ್ನ ನಾನೇ ಖುದ್ದಾಗಿ ಮಾಡ್ತೀನಿ.”

“ಸರಿ. ಇನ್ನೇನಾದ್ರೂ ಕೇಳೋದಿದೆಯಾ?”

ಅಭ್ಯಾಸಬಲದಿಂದ ಅವರು ಕೇಳಿದ್ದು ದೊಡ್ಡವಳನ್ನೇ. ಕೇಳುವುದು ಬೇಕಾದಷ್ಟಿತ್ತು, ತುದಿನಾಲಿಗೆಯ ಮೇಲೇ ಇತ್ತು. ಅವಳು ಹಲ್ಲು ಕಚ್ಚಿ ಸುಮ್ಮನಾದಳು.

“ನಾನು ಕೇಳಬಹುದಾ?” ಅಂದಳು ಚಿಕ್ಕವಳು. “ನನ್ನ ರಕ್ತಾನ ಬೇರೆ ಲ್ಯಾಬಿಗೆ ಕೊಡಬಹುದಾ?”

ಡಾಕ್ಟರಮ್ಮ ಕನ್ನಡಕ ತೆಗೆದರು. “ತಪ್ಪು ಸಿಕ್ಕಿದೆಯಲ್ಲಮ್ಮ. ಇನ್ಮೇಲೆ ಇವರ ಲೆಕ್ಕ ಸರಿಯಾಗೇ ಬರುತ್ತೆ.”

“ಲೆಕ್ಕದ ಬಗ್ಗೆ ಅಲ್ಲ ಡಾಕ್ಟ್ರೇ. ತಪ್ಪು ಹಿಡಿದಿದ್ದೂ ಅಕ್ಕನೇ, ಅವಳು ಹಿಡೀದೇ ಇದ್ದಿದ್ರೆ ನನ್ನ ಗತಿ ಏನು ಅಂತ ನನಗೂ ಗೊತ್ತು.” ಅವಳು ಒಂದೊಂದೇ ಪದವನ್ನು ಹುಡುಕಿ ಇಡುತ್ತಿದ್ದಳು. “ನನ್ನ ಮೈಯಲ್ಲಿ ಏನಿದೆ ಅನ್ನೋದು ನನಗಿಂತ ಮುಂಚೆ ಅಕ್ಕನಿಗೆ ಗೊತ್ತಾಗೋದು ಬೇಡ.”

ಅಮ್ಮ ಹಿಂದೆ ತಿರುಗಿ ದೊಡ್ಡವಳನ್ನು ನೋಡಿದಳು. ದೊಡ್ಡವಳಿಗೆ ಕಪಾಳಕ್ಕೆ ಹೊಡೆದ ಹಾಗಾಗಿತ್ತು. ಗೊತ್ತಿಲ್ಲದ ಲ್ಯಾಬಿಗೆ ಒಬ್ಬಳೇ ಹೇಗೆ ಹೋಗುತ್ತೀಯ, ಅವರ ಮೆಷೀನು ಎಂಥದ್ದೋ, ಕಲ್ಲು ಯಾರು ಹಾಕುತ್ತಾರೋ, ಹೇಗೆ ಹಾಕುತ್ತಾರೋ, ಎಲ್ಲ ಮಾತೂ ಒಟ್ಟಿಗೆ ನುಗ್ಗಿಬಂತು. ಒಂದನ್ನೂ ಆಡಲಿಲ್ಲ. ಡಾಕ್ಟರಮ್ಮ ಚೀಟಿಯ ಮೇಲೆ ಬೇರೆ ಲ್ಯಾಬಿನ ವಿಳಾಸ ಬರೆದು ಚಿಕ್ಕವಳ ಕೈಗೆ ಕೊಟ್ಟರು.

ಮೆಟ್ಟಿಲ ಹತ್ತಿರ ಚಿಕ್ಕವಳು ನಿಂತಳು. ದೊಡ್ಡವಳು ತೋಳು ಚಾಚುವಷ್ಟರಲ್ಲಿ ಅವಳು ಅಮ್ಮನ ಭುಜ ಹಿಡಿದಾಗಿತ್ತು. ಅಮ್ಮನೋ, ತನ್ನ ಮಂಡಿಯನ್ನೇ ತಾನು ಹೊರಲಾರದವಳು. ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು. ದೊಡ್ಡವಳು ಅವರನ್ನು ಬಳಸಿಕೊಂಡು ಮುಂದೆ ಬಂದು, ಬಿದ್ದರೆ ತನ್ನ ಮೇಲೇ ಬೀಳಲಿ ಎಂದು ಎರಡು ಮೆಟ್ಟಿಲು ಕೆಳಗೆ ನಡೆದಳು. ತಿರುಗಿ ನೋಡಬೇಕೆಂದು ಕತ್ತು ತುಡಿಯುತ್ತಿತ್ತು. ನೋಡಲಿಲ್ಲ, ಬೆನ್ನ ಹಿಂದಿನ ಹೆಜ್ಜೆಯ ಸದ್ದನ್ನು ಕೇಳಿಸಿಕೊಳ್ಳುತ್ತಾ ಇಳಿದಳು.